ನಮ್ಮ ಊರಿನ ಸಾಹಿತ್ಯ ಚಿತ್ರಪಟ

ಶಾಲೆಯ ಗೋಡೆಗೆ ಒಪ್ಪುವ ಅಲಂಕಾರಗಳಲ್ಲಿ ಭೂಪಟಕ್ಕೆ ಮೊದಲನೆಯ ಸ್ಥಾನವೆಂಬುದು ಉಪಾಧ್ಯಾಯ ವೃತ್ತಿಯಲ್ಲಿ ಕೆಲವು ಕಾಲ ಕಳೆದವರೆಲ್ಲರ ಅನುಭವ. ಅಲ್ಲಿ ನದಿಗಳು ನೀಲಿಯ ಗೆರೆಗಳಾಗಿ, ಬೆಟ್ಟಗಳು ಕಂದು ಬಣ್ಣದ ಕಲೆಗಳಾಗಿ, ನಗರಗಳು ಸಾಸಿವೆ ಕಾಳಿನಷ್ಟು ಚುಕ್ಕೆಗಳಾಗಿ ತೋರುತ್ತವೆ. ಆದರೆ ಆ ಚುಕ್ಕೆಯೊಳಗೆ ಯಾರು ಬಾಳಿದರು, ಏನನ್ನು ಹಾಡಿದರು, ಏನನ್ನು ಬರೆದರು ಎಂಬುದನ್ನು ಭೂಪಟ ಹೇಳಲಾರದು. ಅದನ್ನು ಹೇಳತಕ್ಕ ಬೇರೊಂದು ಜಾತಿಯ ಪಟವುಂಟು. ಅದನ್ನು ಚಿತ್ರಪಟವೆಂದು ಕರೆಯೋಣ. ಅದರ ವಿಷಯವಾಗಿಯೂ, ಕಳೆದ ವರುಷ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯರು ಮಂಗಳೂರಿಗಾಗಿ ಅಂಥದೊಂದು ಸಾಹಿತ್ಯಪಟವನ್ನು ರಚಿಸಿದ ವಿಷಯವಾಗಿಯೂ ಈ ಸ್ಮರಣ ಸಂಚಿಕೆಯ ವಾಚಕರೊಡನೆ ನಾಲ್ಕು ಮಾತುಗಳನ್ನಾಡಬೇಕೆಂದು ನನ್ನ ಅಪೇಕ್ಷೆ.

ಚಿತ್ರಪಟಗಳು ಹೊಸತಲ್ಲ. ಇಂಗ್ಲೆಂಡಿನ ಹೆರೆಫರ್ಡ್ ಎಂಬ ಊರಿನ ಕೆಥೀಡ್ರಲ್ ದೇವಾಲಯದಲ್ಲಿ ಸುಮಾರು 1300ನೆಯ ಇಸವಿಯಲ್ಲಿ ಕರುವಿನ ಚರ್ಮದ ಮೇಲೆ ಬರೆದ ಒಂದು ಲೋಕಪಟವು ಇಂದಿಗೂ ಇದೆ. ಅದರ ನಡುವೆ ಯೆರೂಸಲೇಮ್, ಮೇಲ್ಗಡೆ ಮೂಡಣ ದಿಕ್ಕು, ಸುತ್ತಲೂ ಮೃಗಗಳು, ಅರಸರು, ಹಳೆಯ ಕಥೆಗಳ ವೀರರು. ದಾರಿ ಹುಡುಕುವವನಿಗೆ ಅದರಿಂದ ಪ್ರಯೋಜನವಾಗದು. ಆ ಕಾಲದವರು ಯಾವುದನ್ನು ಬೆಲೆಯುಳ್ಳದ್ದೆಂದು ಎಣಿಸಿದ್ದರೆಂದು ತಿಳಿಯಬೇಕಾದವನಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. 1914ರಲ್ಲಿ ಮ್ಯಾಕ್‌ಡೊನಾಲ್ಡ್ ಗಿಲ್ ಎಂಬ ಚಿತ್ರಕಾರರು ಲಂಡನ್ನಿನ ನೆಲದಡಿಯ ರೈಲುನಿಲ್ದಾಣಗಳಲ್ಲಿ ತೂಗುಹಾಕುವುದಕ್ಕಾಗಿ ಆ ನಗರದ ವಿನೋದಭರಿತವಾದ ಚಿತ್ರಪಟವೊಂದನ್ನು ಬರೆದುಕೊಟ್ಟರು. ಆ ಬಳಿಕ ಇಂಥ ಪಟಗಳು ಇಂಗ್ಲೆಂಡು, ಅಮೆರಿಕಗಳಲ್ಲಿ ಜನಪ್ರಿಯವಾದವು. ಕವಿಗಳ ಜನ್ಮಸ್ಥಳ, ಕಾದಂಬರಿಗಳಲ್ಲಿ ಬಂದ ಬೀದಿ, ನಾಟಕಶಾಲೆ, ಪುಸ್ತಕದಂಗಡಿ ಇವುಗಳನ್ನೇ ಗುರುತಿಸುವ ಸಾಹಿತ್ಯಪಟಗಳೂ ಹೊರಬಂದವು. ಲಂಡನ್ನಿನ ಸಾಹಿತ್ಯಪಟವನ್ನು ಬರೆಯುವವರು ಬೇಕರ್ ಬೀದಿಯನ್ನು ಬಿಡುವಂತಿಲ್ಲ. ಎಂದೂ ಹುಟ್ಟದೆ, ಎಂದೂ ಸಾಯದೆ ಇರುವ ಷೆರ್ಲಾಕ್ ಹೋಮ್ಸ್ ಅಲ್ಲಿಯೇ ವಾಸಿಸುತ್ತಿದ್ದನಷ್ಟೆ!

ನಮ್ಮ ಹುಡುಗಿಯರಿಗೆ ಈ ವಿಚಾರ ಹೊಳೆದುದು ಒಂದು ವರ್ತಮಾನದಿಂದ. ವಿಶ್ವಸಂಸ್ಥೆಯ ಅಂಗವಾದ ಯುನೆಸ್ಕೋ ಸಂಸ್ಥೆಯು ಕೆಲವು ಪಟ್ಟಣಗಳಿಗೆ ಸಾಹಿತ್ಯನಗರವೆಂಬ ಹೆಸರನ್ನು ಕೊಡುತ್ತದೆ. 2004ರಲ್ಲಿ ಮೊದಲು ಆ ಹೆಸರನ್ನು ಪಡೆದುದು ಸ್ಕಾಟ್ಲೆಂಡಿನ ಎಡಿನ್‌ಬರೊ. 2023ರಲ್ಲಿ ಭಾರತದಲ್ಲಿಯೇ ಮೊದಲನೆಯದಾಗಿ ನಮ್ಮ ನೆರೆಯ ಕೋಝಿಕ್ಕೋಡಿಗೆ ಆ ಮನ್ನಣೆ ದೊರಕಿತು. ಇದನ್ನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನಿಂದ ಒಬ್ಬಳು, "ಟೀಚರ್, ಅವರಿಗೆ ಉಂಟು, ನಮಗೆ ಯಾಕಿಲ್ಲ?" ಎಂದು ಕೇಳಿದಳು. ಮನ್ನಣೆಯನ್ನು ತಂದುಕೊಡುವುದು ನನ್ನ ಕೈಯಲ್ಲಿರಲಿಲ್ಲ. ಆದರೆ ಮನ್ನಣೆಗೆ ತಕ್ಕದ್ದು ನಮ್ಮಲ್ಲಿ ಏನುಂಟೆಂದು ಲೆಕ್ಕ ಹಾಕಿ ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ನಾಲ್ಕು ದೊಡ್ಡ ಡ್ರಾಯಿಂಗ್ ಹಾಳೆಗಳನ್ನು ಬಟ್ಟೆಯ ಮೇಲೆ ಅಂಟಿಸಿ, ನೇತ್ರಾವತಿ, ಫಲ್ಗುಣಿ ನದಿಗಳನ್ನೂ ಕಡಲನ್ನೂ ಮೊದಲು ಗೆರೆಯೆಳೆದು, ಹುಡುಗಿಯರು ಕೆಲಸಕ್ಕೆ ಕೈಯಿಕ್ಕಿದರು.

ಮೊದಲನೆಯ ಚರ್ಚೆ ಪಟದ ತಲೆಬರಹದ ಮೇಲೆ ಎದ್ದಿತು. ಮಂಗಳೂರೆಂದು ಬರೆಯುವುದು ಸರಿಯಷ್ಟೆ. ಆದರೆ ತುಳು ಮಾತಾಡುವವರಿಗೆ ಇದು ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ, ಮಲೆಯಾಳಿಗಳಿಗೆ ಮಂಗಳಾಪುರ. ತರಗತಿಯಲ್ಲಿ ಈ ಎಲ್ಲ ಮನೆಮಾತಿನವರೂ ಇರುವುದರಿಂದ ಯಾವುದನ್ನೂ ಬಿಡುವುದಕ್ಕೆ ಯಾರೂ ಒಪ್ಪಲಿಲ್ಲ. ಕಡೆಗೆ ಮಂಗಳೂರೆಂಬುದನ್ನು ನಡುವೆ ದಪ್ಪಕ್ಷರದಲ್ಲಿ ಬರೆದು, ಉಳಿದ ನಾಲ್ಕು ಹೆಸರುಗಳನ್ನು ನಾಲ್ಕು ಮೂಲೆಗಳಲ್ಲಿ ಬಾವುಟಗಳಂತೆ ಬರೆಯಲಾಯಿತು. ಈ ತೀರ್ಮಾನವು ಪಟದ ಮುಂದಿನ ಸ್ವರೂಪವನ್ನೆಲ್ಲ ನಿರ್ಣಯಿಸಿತೆಂದರೆ ತಪ್ಪಾಗದು. ಏಕೆಂದರೆ ಒಂದೊಂದು ಭಾಷೆಗೆ ಒಂದೊಂದು ಬಣ್ಣವೆಂದು ಗೊತ್ತುಮಾಡಿದ ಮೇಲೆ, ಒಂದೇ ಗುಡ್ಡದ ಮೇಲೆ ಎಲ್ಲ ಬಣ್ಣಗಳೂ ಬಂದು ಕೂಡಿದ್ದನ್ನು ಕಂಡು ಹುಡುಗಿಯರು ಬೆರಗಾದರು.

ಆ ಗುಡ್ಡವೇ ಬಲ್ಮಠ. ಬಾಸೆಲ್ ಮಿಶನಿನ ಮೊದಲ ಮೂವರು 1834ರಲ್ಲಿ ಈ ಕರಾವಳಿಗೆ ಬಂದರು. ಅವರು ಹಡಗಿನಿಂದಿಳಿದದ್ದು ಇಂದಿನ ಆ ಸಾಹಿತ್ಯನಗರವಾದ ಕೋಝಿಕ್ಕೋಡಿನಲ್ಲಿಯೇ. 1841ರಲ್ಲಿ ಮಂಗಳೂರಿನಲ್ಲಿ ಅವರ ಅಚ್ಚುಕೂಟ ಆರಂಭವಾಯಿತು. ಮೊದಲಿಗೆ ಅಲ್ಲಿದ್ದುದು ಕಲ್ಲಚ್ಚು. 1843ನೆಯ ಇಸವಿ ಜುಲೈ 1ರಂದು ಹೆರ್ಮನ್ ಮೋಗ್ಲಿಂಗರು ಹೊರಡಿಸಿದ 'ಮಂಗಳೂರ ಸಮಾಚಾರ'ವು ಕನ್ನಡದ ಮೊದಲನೆಯ ವೃತ್ತಪತ್ರಿಕೆ. ಇಂದಿಗೂ ಆ ದಿನವನ್ನು ಪತ್ರಿಕಾ ದಿನವೆಂದು ಆಚರಿಸುವುದುಂಟು. ಅದೇ ಮೋಗ್ಲಿಂಗರು ಓಲೆಗರಿಗಳಲ್ಲಿ ಹುದುಗಿದ್ದ ದಾಸರ ಪದಗಳನ್ನೂ ಜೈಮಿನಿ ಭಾರತವನ್ನೂ ಬಸವಪುರಾಣವನ್ನೂ ಕಲ್ಲಚ್ಚಿನಲ್ಲಿ ಮುದ್ರಿಸಿ ಹೊರತಂದರು. ಬೇರೆ ಧರ್ಮದ ಬೋಧನೆಗೆಂದು ಬಂದವರು ಈ ನಾಡಿನ ಭಕ್ತರ ಹಾಡುಗಳನ್ನು ಇಷ್ಟು ಆಸ್ಥೆಯಿಂದ ಕಾಪಾಡಿದ್ದನ್ನು ಕುರಿತು ಹುಡುಗಿಯರಲ್ಲಿ ಒಂದು ಇಡಿಯ ತಾಸು ಮಾತು ನಡೆಯಿತು. ಪಟದಲ್ಲಿ ಬಲ್ಮಠದ ಗುರುತಾಗಿ ಅವರು ಬರೆದಿರುವುದು ಚಪ್ಪಟೆಯಾದ ಒಂದು ಕಲ್ಲು, ಅದರ ಮೇಲೆ ತಲೆಕೆಳಗಾದ ಕನ್ನಡ ಅಕ್ಷರಗಳು.

ಕಲ್ಲಿನ ಪಕ್ಕದಲ್ಲಿ ನಾಲ್ಕು ದಪ್ಪ ಪುಸ್ತಕಗಳ ಚಿತ್ರವಿದೆ. ಈ ನಾಲ್ಕನ್ನು ಕುರಿತು ಸ್ವಲ್ಪ ವಿವರಿಸಬೇಕು. 1872ರಲ್ಲಿ ಹೆರ್ಮನ್ ಗುಂಡರ್ಟರ ಮಲೆಯಾಳ–ಇಂಗ್ಲಿಷ್ ನಿಘಂಟು, 1883ರಲ್ಲಿ ಏಂಜೆಲೋ ಮಾಫೆಯಿಯವರ ಇಂಗ್ಲಿಷ್–ಕೊಂಕಣಿ ನಿಘಂಟು, 1886ರಲ್ಲಿ ಆಗಸ್ಟ್ ಮೆನ್ನರರ ತುಳು–ಇಂಗ್ಲಿಷ್ ನಿಘಂಟು, 1894ರಲ್ಲಿ ಫೆರ್ಡಿನಂಡ್ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು. ಇಪ್ಪತ್ತೆರಡು ವರುಷಗಳಲ್ಲಿ ನಾಲ್ಕು ಭಾಷೆಗಳ ನಾಲ್ಕು ನಿಘಂಟುಗಳು ಒಂದೇ ಊರಿನ ಒಂದೇ ಅಚ್ಚುಕೂಟದಿಂದ ಹೊರಬಿದ್ದವು! ಇವರಲ್ಲಿ ಮಾಫೆಯಿಯವರು ಇಟಲಿಯ ಜೆಸುಯಿಟ್ ಪಾದ್ರಿಗಳು. ಅವರ ಗ್ರಂಥವನ್ನು ಅಚ್ಚುಮಾಡಿದವರು ಪ್ರಾಟೆಸ್ಟಂಟ್ ಮಿಶನಿನವರು. ಮತಭೇದವು ಇಂದಿಗಿಂತ ಕಟುವಾಗಿದ್ದ ಆ ಕಾಲದಲ್ಲಿಯೂ ಶಬ್ದಗಳ ಸಂಗ್ರಹಕ್ಕೆ ಅದು ಅಡ್ಡಬರಲಿಲ್ಲ. ಗುಂಡರ್ಟರ ಮಗಳ ಮಗನೇ 1946ರಲ್ಲಿ ನೊಬೆಲ್ ಬಹುಮಾನ ಪಡೆದ ಜರ್ಮನ್ ಕಾದಂಬರಿಕಾರ ಹೆರ್ಮನ್ ಹೆಸ್ಸೆ ಎಂಬುದನ್ನು ಹುಡುಗಿಯರು ಪುಸ್ತಕದ ಬೆನ್ನಿನ ಮೇಲೆ ಸಣ್ಣಕ್ಷರದಲ್ಲಿ ಬರೆದಿದ್ದಾರೆ.

ಕಿಟ್ಟೆಲರ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ಪುಟಗಳು 1,700ಕ್ಕೂ ಹೆಚ್ಚು. ನಮ್ಮ ಶಾಲೆಯ ಪುಸ್ತಕಭಂಡಾರದಲ್ಲಿರುವ ಪ್ರತಿಯನ್ನು ಮೇಜಿನ ಮೇಲೆ ಬಿಚ್ಚಿಟ್ಟಾಗ ಒಬ್ಬ ಹುಡುಗಿ, "ಇದನ್ನೆಲ್ಲ ಯಾರು ಜೋಡಿಸಿದ್ದು?" ಎಂದು ಕೇಳಿದಳು. ಬರೆದವರು ಯಾರೆಂದು ಅವಳಿಗೆ ತಿಳಿದಿತ್ತು. ಮೊಳೆಗಳನ್ನು ಜೋಡಿಸಿದವರು ಯಾರೆಂಬುದು ಅವಳ ಪ್ರಶ್ನೆ. ಆ ಪ್ರಶ್ನೆ ನನ್ನ ಎದೆಗೆ ನೇರವಾಗಿ ಬಂದು ತಾಗಿತು. ನನ್ನ ತಾಯಿಯ ತಂದೆ ಈ ಊರಿನ ಒಂದು ಮುದ್ರಣಾಲಯದಲ್ಲಿ ಮೊಳೆ ಜೋಡಿಸುವ ಕೆಲಸದಲ್ಲಿದ್ದು ಮುದುಕರಾದವರು.

ಅಜ್ಜ ಓದಿದ್ದು ಐದನೆಯ ತರಗತಿಯವರೆಗೆ. ಮನೆಯ ಮಾತು ತುಳು. ಆದರೂ ಕನ್ನಡದಲ್ಲಿ ಒಂದು ಒತ್ತು ತಪ್ಪಿದರೂ ಅವರ ಕಣ್ಣಿಗೆ ಮರಳಿನ ಕಣ ಬಿದ್ದಂತಾಗುತ್ತಿತ್ತು. ಕನ್ನಡದ ಮೊಳೆ ಜೋಡಿಸುವುದು ಇಂಗ್ಲಿಷಿನ ಮೊಳೆ ಜೋಡಿಸಿದಷ್ಟು ಸುಲಭವಲ್ಲವೆಂದು ಅವರು ಹೇಳುತ್ತಿದ್ದರು. ಇಂಗ್ಲಿಷಿನಲ್ಲಿ ಅಕ್ಷರಗಳು ಒಂದರ ಪಕ್ಕದಲ್ಲೊಂದು ನಿಂತರೆ ತೀರಿತು. ಕನ್ನಡದಲ್ಲಿ ಗುಣಿತಕ್ಕೊಂದು, ಒತ್ತಿಗೊಂದು ಮೊಳೆ. ನೂರಾರು ಖಾನೆಗಳಲ್ಲಿ ಯಾವುದು ಎಲ್ಲಿದೆಯೆಂದು ಕೈಗೇ ತಿಳಿದಿರಬೇಕು. ಎಲ್ಲವನ್ನೂ ತಲೆಕೆಳಗಾಗಿ, ಎಡಬಲ ಅದಲುಬದಲಾಗಿ ಓದಬೇಕು. ಆ ಅಭ್ಯಾಸದಿಂದಾಗಿ ಅಜ್ಜ ಊಟದ ಮೇಜಿನ ಎದುರುಬದಿಯಲ್ಲಿ ಕುಳಿತು ನನ್ನ ಪಾಠಪುಸ್ತಕವನ್ನು ತಲೆಕೆಳಗಾಗಿಯೇ ಓದಿ, ನಾನು ಬಿಟ್ಟ ಸಾಲನ್ನು ತೋರಿಸಿಕೊಡುತ್ತಿದ್ದರು. ಅವರ ಬೆರಳ ತುದಿಗಳಲ್ಲಿ ಸೀಸದ ಕಪ್ಪು ಕೊನೆಯ ತನಕ ಉಳಿದಿತ್ತು. ಅವರು ಜೋಡಿಸಿದ ಪುಸ್ತಕಗಳ ಸಂಖ್ಯೆಯನ್ನು ಅವರೂ ಲೆಕ್ಕವಿಟ್ಟಿರಲಿಲ್ಲ. ಯಾವುದರಲ್ಲಿಯೂ ಅವರ ಹೆಸರಿಲ್ಲ.

ಕಿಟ್ಟೆಲರ ಕಾಲದ ಮೊಳೆಗಾರರಿಗೂ ಇದೇ ಮಾತು ಸಲ್ಲುತ್ತದೆ. ಕನ್ನಡ, ಇಂಗ್ಲಿಷ್ ಎರಡು ಲಿಪಿಗಳ ಮೊಳೆಗಳನ್ನು ಒಂದೇ ಸಾಲಿನಲ್ಲಿ ಕೂರಿಸಿ, ಪುಟದ ಮೇಲೆ ಪುಟವನ್ನು ಜೋಡಿಸಿ, ಬಿಚ್ಚಿ, ಮತ್ತೆ ಜೋಡಿಸಿದ ಆ ಕೈಗಳಿಲ್ಲದಿದ್ದರೆ ಆ ಮಹಾಪಂಡಿತರ ಶ್ರಮವು ಹಸ್ತಪ್ರತಿಯಾಗಿಯೇ ಉಳಿಯುತ್ತಿತ್ತು. ಹುಡುಗಿಯರಿಗೆ ಅಜ್ಜನ ಕಥೆಯನ್ನು ಹೇಳಿದೆ. ಮರುದಿನ ನೋಡುವಾಗ ನಾಲ್ಕು ನಿಘಂಟುಗಳ ಕೆಳಗೆ, ಅವುಗಳನ್ನು ಎತ್ತಿ ಹಿಡಿದಂತೆ, ಕಪ್ಪು ತುದಿಯ ಬೆರಳುಗಳ ಎರಡು ಕೈಗಳನ್ನು ಬರೆದಿದ್ದರು. ಮುಖವಿಲ್ಲ, ಹೆಸರಿಲ್ಲ, ಕೈಗಳು ಮಾತ್ರ. ಪಟದಲ್ಲಿ ನನಗೆ ಬಹಳ ಪ್ರಿಯವಾದ ಚಿತ್ರ ಅದು.

ಅದೇ ಅಚ್ಚುಕೂಟದಿಂದ 1899ರಲ್ಲಿ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಹೊರಬಂತು. ಕನ್ನಡದ ಮೊದಲನೆಯ ಸಾಮಾಜಿಕ ಕಾದಂಬರಿಯೆಂದು ಅದಕ್ಕೆ ಖ್ಯಾತಿ. ಬರೆದವರು ಪೋಲೀಸು ಇಲಾಖೆಯ ಅಧಿಕಾರಿಗಳು. ಕಥೆಯ ನಾಯಕಿ ಎಳೆಯ ಪ್ರಾಯದಲ್ಲಿ ವಿಧವೆಯಾದವಳು. ತನ್ನನ್ನು ಕಟ್ಟಿಹಾಕಿದ ಮನೆಯಿಂದ ತಪ್ಪಿಸಿಕೊಂಡು, ಸಜ್ಜನರೊಬ್ಬರ ಆಶ್ರಯದಲ್ಲಿ ವಿದ್ಯೆ ಕಲಿತು, ಮರಳಿ ಮದುವೆಯಾಗುವವಳು. ಕನ್ನಡದ ಸಾಮಾಜಿಕ ಕಾದಂಬರಿಯು ಓದಲು ಬಯಸುವ ಒಬ್ಬ ಹುಡುಗಿಯನ್ನು ಮುಂದಿಟ್ಟುಕೊಂಡು ಹೊರಟಿತೆಂಬ ಸಂಗತಿಯನ್ನು ಹೆಣ್ಣುಮಕ್ಕಳ ಶಾಲೆಯವರು ಮರೆಯಬಾರದು. ಇಂದಿರೆಯ ಊರು ಕಾದಂಬರಿಕಾರರ ಕಲ್ಪನೆಯದು. ಪಟದಲ್ಲಿ ಅವಳಿಗೆ ಸ್ಥಳವೆಲ್ಲಿ? ಬೇಕರ್ ಬೀದಿಯ ಹೋಮ್ಸನ ನ್ಯಾಯವನ್ನೇ ಇಲ್ಲಿಯೂ ಅನುಸರಿಸಿ, ಹುಡುಗಿಯರು ಅವಳನ್ನು ನಮ್ಮ ಶಾಲೆಯ ಮೆಟ್ಟಿಲಿನ ಮೇಲೆ ಪುಸ್ತಕ ಹಿಡಿದು ಕೂರಿಸಿದ್ದಾರೆ.

ಪಂಜೆ ಮಂಗೇಶರಾಯರು (1874–1937) ಈ ಪಟದ ಮಕ್ಕಳ ಪಾಲಿಗೆ ಮನೆಯ ಹಿರಿಯರಂತೆ. ಉಪಾಧ್ಯಾಯರಾಗಿ, ಶಾಲೆಗಳ ತನಿಖಾಧಿಕಾರಿಗಳಾಗಿ ದುಡಿದು, ಮಕ್ಕಳಿಗಾಗಿ ಬರೆಯುವುದು ಪಂಡಿತರ ಘನತೆಗೆ ಕಡಿಮೆಯೆಂದು ಎಣಿಸದೆ ಹಾಡನ್ನೂ ಕಥೆಯನ್ನೂ ಬರೆದುಕೊಟ್ಟ ಮಹನೀಯರು. 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಅವರ ನಾಗರಹಾವಿನ ಪದ್ಯವನ್ನು ಕಲಿಯದೆ ಕರಾವಳಿಯಲ್ಲಿ ದೊಡ್ಡವರಾದವರು ವಿರಳ. ಅವರ ಗುರುತಾಗಿ ಹೆಡೆಯೆತ್ತಿದ ಹಾವೊಂದು ನೇತ್ರಾವತಿಯ ದಡದಲ್ಲಿ ಆಡುತ್ತಿದೆ.

ಮಂಜೇಶ್ವರದ ಗೋವಿಂದ ಪೈಗಳ ವಿಷಯದಲ್ಲಿ ಬೇರೊಂದು ತೊಡಕು ಬಂತು. ಅವರು ಹುಟ್ಟಿದ್ದು 1883ರಲ್ಲಿ ಮಂಗಳೂರಿನಲ್ಲಿ, ಬಾಳಿದ್ದು ಮಂಜೇಶ್ವರದಲ್ಲಿ. ಕ್ರಿಸ್ತನ ಕಡೆಯ ದಿನವನ್ನು 'ಗೊಲ್ಗೊಥಾ'ದಲ್ಲಿಯೂ ಬುದ್ಧನ ಕಡೆಯ ದಿನವನ್ನು 'ವೈಶಾಖಿ'ಯಲ್ಲಿಯೂ ಹಾಡಿದ ಆ ಕವಿಗೆ 1949ರಲ್ಲಿ ಮದರಾಸು ಸರಕಾರವು ರಾಷ್ಟ್ರಕವಿಯೆಂಬ ಬಿರುದನ್ನಿತ್ತಿತು. 1956ರಲ್ಲಿ ಭಾಷಾವಾರು ಪ್ರಾಂತ್ಯಗಳ ರಚನೆಯಾದಾಗ ಮಂಜೇಶ್ವರವು ಕೇರಳಕ್ಕೆ ಸೇರಿತು. 1963ರಲ್ಲಿ ತೀರಿಕೊಳ್ಳುವ ತನಕ ಅವರು ಕನ್ನಡದ ರಾಷ್ಟ್ರಕವಿಗಳಾಗಿ ಕೇರಳದ ಗಡಿಯೊಳಗೆ ಬಾಳಿದರು. ಪಟದ ಅಂಚು ಉಳ್ಳಾಲದ ಬಳಿ ಮುಗಿಯುತ್ತಿತ್ತು. ಪೈಗಳಿಗಾಗಿ ಹುಡುಗಿಯರು ಕೆಳಗಡೆ ಒಂದು ತುಂಡು ಹಾಳೆಯನ್ನು ಅಂಟಿಸಿ ಪಟವನ್ನೇ ಉದ್ದಮಾಡಿದರು. ಗಡಿರೇಖೆಯ ಮೇಲೆ ಗಿಳಿಗಳ ಹಿಂಡೊಂದು ಹಾರಿಹೋಗುತ್ತಿದೆ. 'ಗಿಳಿವಿಂಡು' ಅವರ ಕವಿತಾಸಂಗ್ರಹದ ಹೆಸರಲ್ಲವೆ?

ಹೀಗೆ ಕೆಲಸ ನಡೆದು, ಸರಕಾರಿ ಕಾಲೇಜನ್ನು ಬಿಟ್ಟು 1921ರ ಅಸಹಕಾರ ಚಳವಳಿಗೆ ಧುಮುಕಿದ ಶಿವರಾಮ ಕಾರಂತರೂ, 'ನಾಡೋಜ ಪಂಪ'ವನ್ನು ಬರೆದ ಮುಳಿಯ ತಿಮ್ಮಪ್ಪಯ್ಯನವರೂ, ಸೇಂಟ್ ಆಗ್ನೆಸ್ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಕನ್ನಡ ಕಲಿಸಿದ ಕಡೆಂಗೋಡ್ಲು ಶಂಕರಭಟ್ಟರೂ ತಮ್ಮ ತಮ್ಮ ಸ್ಥಳಗಳಲ್ಲಿ ನಿಂತರು. 1912ರಲ್ಲಿ ಇಲ್ಲಿಂದ ಹೊರಟ 'ಕೊಂಕಣಿ ದಿರ್ವೆಂ' ಪತ್ರಿಕೆಯೂ ನೀಲಿಯ ಬಣ್ಣದಲ್ಲಿ ಬಂತು. ಒಂದು ಮಧ್ಯಾಹ್ನ, ಎಲ್ಲರೂ ದೂರ ನಿಂತು ಪಟವನ್ನು ನೋಡುತ್ತಿರುವಾಗ, ಎಂದೂ ಹೆಚ್ಚು ಮಾತಾಡದ ಒಬ್ಬ ಹುಡುಗಿ ಕೇಳಿದಳು: "ಟೀಚರ್, ಬರೆದ ಹೆಂಗಸು ಇದರಲ್ಲಿ ಒಬ್ಬಳೂ ಇಲ್ಲವಲ್ಲ?" ಎಲ್ಲರೂ ಬೆರಳು ಮಡಚಿ ಎಣಿಸತೊಡಗಿದರು. ಅವಳ ಮಾತು ನಿಜವಾಗಿತ್ತು. ಪಟದಲ್ಲಿ ಓದುವವಳಾಗಿ ಇಂದಿರೆಯೊಬ್ಬಳಿದ್ದಳು. ಅವಳನ್ನು ಬರೆದವರು ಗಂಡಸರು.

ಅಂದಿನಿಂದ ಹುಡುಕಾಟ ಬೇರೆ ದಾರಿ ಹಿಡಿಯಿತು. ಸಾರಾ ಅಬೂಬಕ್ಕರ್ (1936–2023) ಅವರ ಹೆಸರು ಮೊದಲು ಬಂತು. ಕಾಸರಗೋಡಿನಲ್ಲಿ ಹುಟ್ಟಿ, ಹುಡುಗಿಯರು ಹೈಸ್ಕೂಲು ಮುಗಿಸುವುದೇ ಅವರ ಸಮಾಜದಲ್ಲಿ ಅಪೂರ್ವವಾಗಿದ್ದ ಕಾಲದಲ್ಲಿ ಕನ್ನಡ ಓದಿ, ಬಳಿಕ ಮಂಗಳೂರಿನಲ್ಲಿ ನೆಲೆನಿಂತು, 'ಚಂದ್ರಗಿರಿಯ ತೀರದಲ್ಲಿ' ಎಂಬ ಕಾದಂಬರಿಯಿಂದ ನಾಡಿಗೆಲ್ಲ ಪರಿಚಿತರಾದವರು. ನಾಲ್ಕು ಗೋಡೆಗಳೊಳಗಣ ಹೆಣ್ಣಿನ ಸಂಕಟವನ್ನು ಯಾರ ಮುಖದಾಕ್ಷಿಣ್ಯಕ್ಕೂ ಕಟ್ಟುಬೀಳದೆ ಬರೆದರು. ಅದಕ್ಕಾಗಿ ವಿರೋಧವನ್ನೂ ಎದುರಿಸಿದರು. ಬ್ಯಾರಿ ಮನೆತನದ ಇಬ್ಬರು ಹುಡುಗಿಯರು ಆ ಚಿತ್ರವನ್ನು ತಾವೇ ಬರೆಯುತ್ತೇವೆಂದು ಹಟ ಹಿಡಿದು, ಮೈಕಾಲವೆಂಬ ಬಾವುಟದ ಕೆಳಗೆ ನದಿಯೊಂದನ್ನೂ ಲೇಖನಿಯೊಂದನ್ನೂ ಬರೆದರು. ಊರಿನಲ್ಲಿರುವ ಕರಾವಳಿ ಲೇಖಕಿಯರ ವಾಚಕಿಯರ ಸಂಘಕ್ಕೂ ಒಂದು ಸ್ಥಳ ದೊರಕಿತು. ಬರೆಯುವವರೊಡನೆ ಓದುವವರನ್ನೂ ಹೆಸರಿನಲ್ಲಿಯೇ ಸೇರಿಸಿಕೊಂಡಿರುವ ಆ ಸಂಘದ ಔದಾರ್ಯವು ಹುಡುಗಿಯರಿಗೆ ಬಹಳ ಹಿಡಿಸಿತು.

ಆದರೂ ತೃಪ್ತಿಯಾಗದೆ ಅವರು ಇನ್ನೊಂದು ಪ್ರಶ್ನೆಯನ್ನು ಮುಂದಿಟ್ಟರು. ಬರೆಯಲು ಬಾರದ ಹೆಂಗಸರು ಏನು ಮಾಡುತ್ತಿದ್ದರು? ಉತ್ತರವು ಅವರ ಅಜ್ಜಿಯರ ಬಾಯಲ್ಲಿತ್ತು. ಗದ್ದೆಯಲ್ಲಿ ನೇಜಿ ನೆಡುವಾಗ ಸಾಲಾಗಿ ಬಗ್ಗಿ ನಿಂತ ಹೆಂಗಸರಲ್ಲಿ ಒಬ್ಬಳು ಹೇಳಿಕೊಡುತ್ತಾಳೆ, ಉಳಿದವರು ಅದನ್ನು ಎತ್ತಿಕೊಳ್ಳುತ್ತಾರೆ. ಹೀಗೆ ಹರಿದುಬಂದವುಗಳೇ ತುಳುವಿನ ಪಾಡ್ದನಗಳು. ಅನ್ಯಾಯವನ್ನು ಎದುರಿಸಿದ ಸಿರಿಯ ಕಥೆ, ಅಣ್ಣತಮ್ಮಂದಿರಾದ ಕೋಟಿ ಚೆನ್ನಯರ ಕಥೆ, ಇವೆಲ್ಲ ಒಂದು ಹಾಳೆಯ ಸಹಾಯವಿಲ್ಲದೆ ತಲೆಮಾರುಗಳನ್ನು ದಾಟಿವೆ. ಇವುಗಳನ್ನು ಪಟದಲ್ಲಿ ಎಲ್ಲಿ ಬರೆಯಬೇಕು? ಪಾಡ್ದನಕ್ಕೆ ಮನೆಯ ಸಂಖ್ಯೆಯಿಲ್ಲ. ಊರಿನ ಗದ್ದೆಗಳಲ್ಲಿ ಹೆಚ್ಚಿನವು ಇಂದು ಬಹುಮಹಡಿಯ ಕಟ್ಟಡಗಳಾಗಿವೆ. ಹುಡುಗಿಯರು ತಮ್ಮ ಮನೆಯ ಹಿರಿಯರನ್ನು ಕೇಳಿ, ಹಿಂದೆ ಎಲ್ಲೆಲ್ಲಿ ಗದ್ದೆಗಳಿದ್ದವೆಂದು ತಿಳಿದುಕೊಂಡು, ಇಂದಿನ ಬೀದಿಗಳ ಹಿಂದುಗಡೆ ತಿಳಿಹಸುರಿನ ಛಾಯೆಯಾಗಿ ಅವುಗಳನ್ನು ತುಂಬಿದರು. ಪಟವನ್ನು ದೂರದಿಂದ ನೋಡುವವರಿಗೆ ಆ ಹಸುರು ಕಾಣದು. ಹತ್ತಿರ ಬಂದವರಿಗೆ ಊರೆಲ್ಲ ಅದರ ಮೇಲೆಯೇ ನಿಂತಂತೆ ಕಾಣುತ್ತದೆ. ಅಂತೆಯೇ ಕೆಡವಿಹೋದ ಹಳೆಯ ಮನೆಗಳಿಗೆ ಬರಿಯ ಗೆರೆ, ಉಳಿದಿರುವವುಗಳಿಗೆ ಕೆಂಪು ಹಂಚಿನ ಮಾಡು.

ಈ ಕೆಲಸದಲ್ಲಿ ಸೇರದೆ ಮೂಲೆಯಲ್ಲಿ ಕುಳಿತಿರುತ್ತಿದ್ದ ಒಬ್ಬ ಹುಡುಗಿಯ ಮಾತನ್ನು ಇಲ್ಲಿ ಹೇಳದೆ ಬಿಡಲಾರೆ. ಅವಳ ತಂದೆತಾಯಿಗಳು ಬಾಗಲಕೋಟೆಯ ಕಡೆಯಿಂದ ಕಟ್ಟಡದ ಕೆಲಸಕ್ಕಾಗಿ ಬಂದವರು. ಅವಳು ನಮ್ಮ ಶಾಲೆಗೆ ಸೇರಿ ಮೂರು ವರುಷವಾಗಿತ್ತು. ಯಾಕಮ್ಮ ಬರುವುದಿಲ್ಲವೆಂದು ಕೇಳಿದಾಗ, "ಇದು ಅವರೂರ್ರೀ ಟೀಚರ್, ನಮ್ದಲ್ಲ" ಎಂದಳು. ಅವಳನ್ನು ಪಟದ ಮುಂದೆ ನಿಲ್ಲಿಸಿ ಒಬ್ಬೊಬ್ಬರನ್ನಾಗಿ ತೋರಿಸಿದೆ. ಕಿಟ್ಟೆಲರು ಜರ್ಮನಿಯವರು, ಮಾಫೆಯಿಯವರು ಇಟಲಿಯವರು, ಕಾರಂತರು ಕೋಟದವರು, ಸಾರಾ ಅವರು ಕಾಸರಗೋಡಿನವರು. ಗುಲ್ವಾಡಿಯವರ, ಪಂಜೆಯವರ, ಪೈಗಳ ಮನೆಮಾತು ಕೊಂಕಣಿ. ಬೇರೆಡೆಯಿಂದ ಬಂದವರನ್ನೂ ಬೇರೆ ಮಾತನ್ನಾಡುವವರನ್ನೂ ತೆಗೆದುಬಿಟ್ಟರೆ ಈ ಪಟದಲ್ಲಿ ಉಳಿಯುವವರು ಬಹು ಸ್ವಲ್ಪ. ಅವಳು ಬಹಳ ಹೊತ್ತು ನೋಡುತ್ತ ನಿಂತಳು. ಎರಡು ದಿವಸ ಕಳೆದ ಮೇಲೆ, ತನ್ನ ಅಜ್ಜಿ ಜೋಳ ಬೀಸುವಾಗ ಹಾಡುತ್ತಿದ್ದ ಪದಗಳು ತನಗೆ ಬರುತ್ತವೆಯೆಂದು ಮೆಲ್ಲನೆ ಹೇಳಿದಳು. ಈಗ ಬಸ್ಸು ನಿಲ್ದಾಣದ ಪಕ್ಕದಲ್ಲಿ ಬೀಸುವ ಕಲ್ಲೊಂದು ಇದೆ. ಅಚ್ಚುಕೂಟದ ಕಲ್ಲಿಗೂ ಅದಕ್ಕೂ ನಡುವೆ ಪಟದಲ್ಲಿ ಒಂದು ಗೇಣಿನಷ್ಟೇ ಅಂತರ.

ಎಲ್ಲರೂ ಈ ಕೆಲಸವನ್ನು ಮೆಚ್ಚಿದರೆಂದು ಹೇಳಲಾಗದು. ಒಬ್ಬ ತಂದೆಯವರು ನನ್ನ ಕೊಠಡಿಗೆ ಬಂದು, "ಟೀಚರೇ, ಇದಕ್ಕೆ ಮಾರ್ಕು ಉಂಟಾ? ಬರುವ ವರುಷ ಪಬ್ಲಿಕ್ ಪರೀಕ್ಷೆ ಉಂಟಲ್ಲ" ಎಂದು ವಿನಯದಿಂದಲೇ ಕೇಳಿದರು. ಅವರ ಕಳವಳವು ನನಗೆ ಅರ್ಥವಾಗದೆ ಇಲ್ಲ. ದುಡಿದು ಸಾಕುವ ತಂದೆ ಮಗಳ ಮುಂದಿನ ದಾರಿಯನ್ನು ಚಿಂತಿಸುವುದು ಧರ್ಮವೇ ಸರಿ. ಅವರಿಗೆ ಪಟವನ್ನು ತೋರಿಸಿದೆ. ಬಂದರಿನ ಬಳಿಗೆ ಬಂದಾಗ ಅವರ ಬೆರಳು ಒಂದೆಡೆ ನಿಂತಿತು. ಅಲ್ಲಿದ್ದ ಒಂದು ಅಂಗಡಿಯಲ್ಲಿ ತಮ್ಮ ತಂದೆಯವರು ಸಂಜೆಯ ಹೊತ್ತು ಕೆಲಸಗಾರರಿಗೆಲ್ಲ ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರೆಂದು ಹೇಳಿದರು. ಮಗಳು ಆ ಸಂಗತಿಯನ್ನು ಎಂದೂ ಕೇಳಿರಲಿಲ್ಲವಂತೆ. ಮಾರ್ಕಿನ ಪ್ರಶ್ನೆಗೆ ನಾನು ಉತ್ತರ ಕೊಡುವುದೂ ಅವರು ಮತ್ತೆ ಕೇಳುವುದೂ ಅಂದು ನಡೆಯಲಿಲ್ಲ.

ನಮ್ಮ ಶಾಲೆಗಳಲ್ಲಿ ಕನ್ನಡ ವಿಭಾಗಕ್ಕೆ ಬರುವ ಮಕ್ಕಳ ಸಂಖ್ಯೆ ವರುಷದಿಂದ ವರುಷಕ್ಕೆ ಇಳಿಯುತ್ತಿರುವುದನ್ನು ಹೆತ್ತವರು ಬಲ್ಲರು. ಇಂಗ್ಲಿಷ್ ಬೇಡವೆಂದು ನಾನು ಹೇಳತಕ್ಕವಳಲ್ಲ. ಆ ಭಾಷೆಯಿಂದ ನನಗೂ ಉಪಕಾರವಾಗಿದೆ. ಆದರೆ ಈ ಊರಿನಲ್ಲಿ ಕನ್ನಡವು ಬಹುಮಂದಿಗೆ ಮನೆಯ ಮಾತಾಗಿರಲಿಲ್ಲವೆಂಬುದನ್ನು ಪಟವು ತೋರಿಸುತ್ತದೆ. ತುಳುವರು, ಕೊಂಕಣಿಗರು, ಬ್ಯಾರಿಗಳು, ಕಡಲಾಚೆಯವರು ತಮ್ಮ ತಮ್ಮ ಬಾಗಿಲುಗಳಿಂದ ಹೊರಗೆ ಬಂದು ಒಬ್ಬರನ್ನೊಬ್ಬರು ಕಂಡ ಅಂಗಳ ಅದು. ಅಂಗಳವನ್ನು ಗುಡಿಸುವವರು ಇಲ್ಲವಾದರೆ ಮನೆಗಳು ಉಳಿದರೂ ನೆರೆಹೊರೆ ಉಳಿಯದು. ಇದೇ ನನ್ನ ಚಿಂತೆ. ಪಟದ ಕೆಲಸವನ್ನು ನಾನು ಬಿಡದೆ ನಡೆಸಿದ್ದಕ್ಕೆ ಕಾರಣವೂ ಇದೇ.

ಪಟವು ಮುಗಿದಿದೆಯೆಂದು ಹುಡುಗಿಯರು ಹೇಳುವುದಿಲ್ಲ. ಬಲಗಡೆಯ ಅಂಚಿನಲ್ಲಿ ಒಂದು ಚಾಚಿದ ಕೈಯಷ್ಟು ಅಗಲದ ಸ್ಥಳವನ್ನು ಬೇಕೆಂದೇ ಖಾಲಿಯಾಗಿ ಬಿಟ್ಟಿದ್ದಾರೆ. ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಅದು ನಿಮಗಾಗಿ. ನಿಮ್ಮ ತಾಯಿ ಹಾಡುತ್ತಿದ್ದ ಒಂದು ಪದ, ನಿಮ್ಮ ಮನೆಯಲ್ಲಿ ಉಳಿದಿರುವ ಒಂದು ಹಳೆಯ ಪತ್ರಿಕೆಯ ಪ್ರತಿ, ಮುದ್ರಣಾಲಯದಲ್ಲಿ ದುಡಿದ ಬಂಧುವೊಬ್ಬರ ನೆನಪು, ನೀವು ಬರೆದು ಯಾರಿಗೂ ತೋರಿಸದೆ ಇಟ್ಟಿರುವ ಒಂದು ಕವಿತೆ, ಇವುಗಳಲ್ಲಿ ಯಾವುದಿದ್ದರೂ ತಂದುಕೊಡಿರಿ. ಬರಲಾಗದವರು ಕಾಗದ ಬರೆಯಿರಿ. ಪಟವು ಸಭಾಭವನದ ಉತ್ತರದ ಗೋಡೆಯಲ್ಲಿ, ಎಳೆಯ ಮಕ್ಕಳಿಗೂ ಎಟುಕುವಷ್ಟು ಕೆಳಗೆ ತೂಗುತ್ತಿದೆ. ಶನಿವಾರಗಳಲ್ಲಿ ಮಧ್ಯಾಹ್ನದ ತನಕ ಶಾಲೆಯ ಬಾಗಿಲು ತೆರೆದಿರುತ್ತದೆ. ಬಣ್ಣದ ಡಬ್ಬಿಗಳನ್ನೂ ಕುಂಚಗಳನ್ನೂ ಪಕ್ಕದ ಕಪಾಟಿನಲ್ಲಿಯೇ ಇಟ್ಟಿದ್ದೇವೆ.